ನೀಲಿ ತಲೆಯ ಸೂಜಿ

"ಆ ಕೈ ತೆಗೀರಿ ಅಲ್ಲಿಂದ! ತೆಗೀರಿ ಅಂದೆ!"

ಥರ್ಜಾ ಓಡಿಬಂದ ರಭಸಕ್ಕೆ ಬುಟ್ಟಿಯಲ್ಲಿದ್ದ ಮೊಟ್ಟೆಗಳಲ್ಲಿ ಒಂದೆರಡಾದರೂ ಒಡೆದಿರಬೇಕು. ಅವಳು ನೋಡಲಿಲ್ಲ. ಗೇಟಿನ ಓಕ್ ಕಂಬದ ಮುಂದೆ ಮಂಡಿಯೂರಿ ಕುಳಿತಿದ್ದ ಗಂಡಸು ನಿಧಾನವಾಗಿ ತಿರುಗಿದ. ಕೈಯಲ್ಲಿ ಇಕ್ಕಳ, ತುಟಿಗಳ ನಡುವೆ ಒಂದು ಗುಂಡುಸೂಜಿ. ಪಕ್ಕದಲ್ಲಿ ಮುಚ್ಚಳ ತೆರೆದ ತಂಬಾಕಿನ ಡಬ್ಬಿ. ಅದರ ತುಂಬ ತುಕ್ಕು ಹಿಡಿದ ಸೂಜಿಗಳು.

ಅವನು ಬಾಯಲ್ಲಿದ್ದ ಸೂಜಿಯನ್ನು ತೆಗೆದ. "ನಿಮ್ಮದಾ ಇವು?"

"ಸತ್ತವರದ್ದು."

ಅವನು ಕೈಯಲ್ಲಿದ್ದ ಸೂಜಿಯನ್ನೊಮ್ಮೆ ನೋಡಿದ. ಆಮೇಲೆ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡ.

"ಮೊದಲೇ ಹೇಳ್ಬಾರ್ದಿತ್ತಾ."

"ಕೇಳಿದ್ರೆ ತಾನೇ ಹೇಳೋದು? ಊರಿಗೆ ಬಂದು ಎರಡು ವಾರ ಆಗಿಲ್ಲ, ಸಿಕ್ಕಿದ್ದನ್ನೆಲ್ಲ ಕೀಳೋಕೆ ಶುರು."

"ಕೀಳೋದೇ ನನ್ನ ಕೆಲಸ ರೀ. ಈ ಕಂಬ ಮರದ ಮಿಲ್ಲಿಗೆ ಹೋಗುತ್ತೆ. ಒಳಗೆ ಕಬ್ಬಿಣ ಇದ್ರೆ ಗರಗಸದ ಹಲ್ಲು ಮುರಿಯುತ್ತೆ. ಆಮೇಲೆ ನನ್ನ ಹಲ್ಲು ಮುರೀತಾರೆ."

ಅವನ ಮುಖದ ತುಂಬ ಸುಣ್ಣದ ಧೂಳು. ಕಣ್ರೆಪ್ಪೆಯ ಮೇಲೂ ಬಿಳಿ. ನಗುವಾಗ ಆ ಬಿಳಿಯಲ್ಲಿ ಸಣ್ಣ ಬಿರುಕುಗಳು ಬಿಟ್ಟವು. ಥರ್ಜಾಗೆ ಹೆಣಗಳ ಮುಖ ತೊಳೆದು ಅಭ್ಯಾಸ. ಬಿಳಿಚಿದ ಮುಖವೊಂದು ನಗುವುದನ್ನು ಅವಳು ನೋಡಿದ್ದು ಇದೇ ಮೊದಲು.

ಅವನ ಬೆನ್ನ ಹಿಂದೆ, ಒಣಗಿದ ಹುಲ್ಲುಗಾವಲಿನಾಚೆ, ದೊಡ್ಡಮನೆಗೆ ಚಾವಣಿ ಇರಲಿಲ್ಲ. ಯುದ್ಧಕಾಲದಲ್ಲಿ ಸೈನ್ಯ ಹೊಕ್ಕು ಅದನ್ನು ಅರ್ಧ ಹಾಳು ಮಾಡಿತ್ತು, ಉಳಿದರ್ಧವನ್ನು ಬೂಷ್ಟು ತಿಂದಿತ್ತು. ಕೀನ್ಯಾದಲ್ಲಿದ್ದ ಕೊನೆಯ ವಾರಸುದಾರ ಬಂದು ನೋಡುವ ಗೋಜಿಗೂ ಹೋಗದೆ ಕಲ್ಲು, ಸೀಸ, ಮರಗಳನ್ನೆಲ್ಲ ಕೆಡವುವವರಿಗೆ ಮಾರಿಬಿಟ್ಟ. ವಿದರ್‌ಬೋರ್ನ್‌ ಊರಿನಲ್ಲಿ ಯಾರೂ ಅಳಲಿಲ್ಲ. ಆ ಮನೆಯ ಪಾತ್ರೆ ತೊಳೆದವರು, ಕುದುರೆ ತಿಕ್ಕಿದವರು ಬೇಲಿಗೊರಗಿ ನಿಂತು ಗೋಡೆ ಬೀಳುವುದನ್ನು ನೋಡಿದರು, ಸಂಜೆ ಮನೆಗೆ ಹೋಗಿ ಊಟ ಮಾಡಿದರು.

"ಕಂಬಕ್ಕೆ ಯಾಕೆ ಸೂಜಿ ಚುಚ್ಚೋದು? ಮಾಟವಾ?"

"ಸುಂಕ." ಥರ್ಜಾ ಬುಟ್ಟಿ ಕೆಳಗಿಟ್ಟಳು. "ಚರ್ಚು ದೊಡ್ಡಮನೆಯ ಸುತ್ತುಗೋಡೆ ಒಳಗಿದೆ, ನಾವು ಹೊರಗಿದೀವಿ. ಹೆಣ ಹೊತ್ತುಕೊಂಡು ಹೋದ ದಾರಿ ಊರಿನ ದಾರಿ ಆಗಿಬಿಡುತ್ತೆ, ಆಮೇಲೆ ಮುಚ್ಚೋಕೆ ಬರಲ್ಲ. ದೊಡ್ಡಮನೆಯೋರಿಗೆ ಅದೇ ಭಯ. ಅದಕ್ಕೆ ಹೆಣಕ್ಕೆ ಹೊದಿಸಿದ ಬಟ್ಟೆಯಿಂದ ಒಂದು ಸೂಜಿ ತೆಗೆದು ಇಲ್ಲಿ ಚುಚ್ಚಬೇಕು. ದಾರಿ ನಮ್ಮದಲ್ಲ, ಬೇಡಿ ಪಡೆದದ್ದು ಅಂತ."

"ಯಾವ ಕಾನೂನು ಹಾಗೆ ಹೇಳುತ್ತೆ?"

"ಯಾವುದೂ ಹೇಳಲ್ಲ. ನಮ್ಮಜ್ಜಿ ಹೇಳ್ತಿದ್ರು."

"ಮತ್ತೆ ಬದುಕಿರೋರು ಚರ್ಚಿಗೆ ಹೋಗೋದು ಹೇಗೆ?"

"ಗೋಡೆ ಸುತ್ತಿಕೊಂಡು ಆ ಕಡೆ ಗೇಟಿಂದ. ಇದು ಹೆಣಕ್ಕೆ ಮಾತ್ರ. ಹೆಣದ ಹಿಂದೆ ನಡೆಯೋರಿಗೆ."

"ಅಯ್ಯೋ, ನಾನು ಬೆಳಿಗ್ಗೆಯಿಂದ ಹತ್ತು ಸಲ ಈ ಗೇಟಲ್ಲಿ ಓಡಾಡಿದೀನಿ."

"ಹಾಗಾದ್ರೆ ಊರಿನ ಲೆಕ್ಕದಲ್ಲಿ ಹತ್ತು ಸಲ ಸತ್ತಿದೀರಿ."

ಅವನು ಗಹಗಹಿಸಿ ನಕ್ಕ. ಆಮೇಲೆ ಕಂಬದತ್ತ ಬೆರಳು ತೋರಿಸಿದ. "ಎಲ್ಲ ಬಂದವು, ಇದೊಂದು ಬರ್ಲಿಲ್ಲ. ಇಕ್ಕಳ ಹಾಕಿ ಜಗ್ಗಿದೆ. ಒಳಗಿಂದ ಯಾರೋ ಹಿಡ್ಕೊಂಡಿರೋ ಹಾಗಿದೆ."

ಅದು ಗುಂಡುಸೂಜಿಯಲ್ಲ. ಹೆಂಗಸರು ಟೋಪಿಗೆ ಚುಚ್ಚಿಕೊಳ್ಳುವ ಉದ್ದ ಸೂಜಿ, ತುದಿಯಲ್ಲಿ ನೀಲಿ ಗಾಜಿನ ಮಣಿ.

ಥರ್ಜಾಳ ಮುಖದಲ್ಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಅದರ ಜಾಗದಲ್ಲಿ ಬಂದದ್ದನ್ನು ಕಂಡು ಅವನು ಇಕ್ಕಳವನ್ನು ಜೇಬಿಗೆ ಹಾಕಿಕೊಂಡ.

"ಎಲ್ಲಾ ವಾಪಸ್ ಚುಚ್ಚಿ," ಎಂದಳು. "ಯಾವುದು ಎಲ್ಲಿತ್ತೋ ಅಲ್ಲೇ."

*

ಸಂಜೆ ಹೊತ್ತು ಮುಳುಗುವಾಗ ಥರ್ಜಾ ಆ ಗೇಟಿನ ಅಗುಳಿ ತೆಗೆದು, ಕದವನ್ನು ಒಳಕ್ಕೆ ತಳ್ಳಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಮುಚ್ಚಿ ಬರುತ್ತಿದ್ದಳು. ಎಂಟು ವರ್ಷದಿಂದ ಹೀಗೇ ನಡೆದಿತ್ತು.

ಆಲ್ಬನ್ ಕೊರಿಯಾ ಯುದ್ಧದಲ್ಲಿ ಸತ್ತಾಗ ಅವಳಿಗಿನ್ನೂ ಹತ್ತೊಂಬತ್ತು. ಸುಗ್ಗಿ ಮುಗಿದ ಮೇಲೆ ಇಬ್ಬರ ಮದುವೆ ಎಂದು ಮಾತಾಗಿತ್ತು. ಅವನ ಹೆಣ ಸಿಗಲಿಲ್ಲ. ನದೀತೀರದ ಯಾವುದೋ ಗುಡ್ಡದ ಮೇಲೆ ಅವನೊಂದಿಗೆ ಇನ್ನೂ ಅನೇಕರು ಉಳಿದುಹೋದರು. ಹೆಣವಿಲ್ಲದೆ ಸೂಜಿಯಿಲ್ಲ, ಸೂಜಿಯಿಲ್ಲದೆ ದಾರಿಯಿಲ್ಲ, ದಾರಿಯಿಲ್ಲದಿದ್ದರೆ ನನ್ನ ಮಗ ಚರ್ಚಿನಂಗಳಕ್ಕೆ ಬರುವುದು ಹೇಗೆ ಎಂದು ಅವನ ತಾಯಿ ಯೂನಿಸಮ್ಮ ಒಂದೇ ಸಮನೆ ಕೇಳುತ್ತಿದ್ದಳು. ಕೇಳಲಾಗದೆ ಥರ್ಜಾ ಒಂದು ದಿನ ಟೋಪಿಯಿಂದ ನೀಲಿ ಸೂಜಿಯನ್ನು ಕಿತ್ತು ಕಂಬಕ್ಕೆ ಚುಚ್ಚಿಬಿಟ್ಟಳು. ಸಾಲಿಸ್‌ಬರಿ ಸಂತೆಯಲ್ಲಿ ಆಲ್ಬನ್ನೇ ಕೊಡಿಸಿದ್ದ ಸೂಜಿ ಅದು.

ಊರು ಬೆಚ್ಚಿಬಿತ್ತು. ಹೆಣವಿಲ್ಲದೆ ಸೂಜಿ ಚುಚ್ಚುವುದೆಂದರೆ ಸುಂಕ ಕೊಟ್ಟು ಸರಕು ತಾರದೆ ಇದ್ದಂತೆ. ಗೇಟಿಗೆ ಒಂದು ಹೆಣ ಬಾಕಿ. ಅದು ಬರುವ ತನಕ ಸತ್ತವನು ಅಲ್ಲಿಯವರೆಗೆ ನಡೆದುಬಂದು ನಿಲ್ಲುತ್ತಾನೆ, ದಾಟಲಾರ. ಚುಚ್ಚಿದವಳು ಬಿಟ್ಟುಹೋಗಲಾರಳು.

ಇಂಥದ್ದನ್ನೆಲ್ಲ ಥರ್ಜಾ ನಂಬುತ್ತಿರಲಿಲ್ಲ. ಅಜ್ಜಿಯ ಕಾಲದಿಂದ ಊರಿನ ಹೆಣಗಳನ್ನು ತೊಳೆದು ಹೊದಿಸುವ ಕೆಲಸ ಅವರ ಮನೆಯದು. ಸತ್ತವರು ಎಷ್ಟು ಸತ್ತಿರುತ್ತಾರೆ ಎಂಬುದು ಅವಳಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಸೂಜಿ ಚುಚ್ಚಿದ ಮರುವಾರ, ಮುಚ್ಚಂಜೆಯಲ್ಲಿ, ರಸ್ತೆಯ ಮೇಲೆ ಯಾರೋ ನಡೆದುಬಂದ ಸದ್ದಾಯಿತು. ರಸ್ತೆ ಖಾಲಿಯಿತ್ತು. ಹೆಜ್ಜೆಗಳು ಗೇಟಿನ ತನಕ ಬಂದು ನಿಂತವು.

ಅಂದಿನಿಂದ ಅವಳು ಗೇಟು ತೆಗೆಯುತ್ತಾಳೆ. ತೆಗೆದರೂ ಹೆಜ್ಜೆ ಮುಂದೆ ಹೋಗುವುದಿಲ್ಲ. ಪಕ್ಕದ ಮನೆಯ ಕಿಟಕಿಯಲ್ಲಿ ಯೂನಿಸಮ್ಮನ ಬಿಳಿ ತಲೆ ಕಾಣುತ್ತಿರುತ್ತದೆ.

*

ಅವನ ಹೆಸರು ಡೆನ್ಜಿಲ್ ರೋಕ್. ಪ್ಲಿಮತ್ ಕಡೆಯವನು. ಕೆಡವುವ ಗುಂಪಿನ ಜೊತೆ ಊರೂರು ತಿರುಗುತ್ತ, ಅವರ ಲಾರಿಯ ಹಿಂಭಾಗದಲ್ಲೇ ಮಲಗುವವನು. ಕೆಲಸ ಮುಗಿದ ಮೇಲೆ ದಿನಾ ತಂಬಾಕಿನ ಡಬ್ಬಿ ಹಿಡಿದು ಗೇಟಿನ ಬಳಿ ಬರುತ್ತಿದ್ದ. ಒಂದು ಸಂಜೆಗೆ ನಾಲ್ಕೋ ಐದೋ ಸೂಜಿ ಚುಚ್ಚುತ್ತಿದ್ದ, ಅಷ್ಟೆ.

"ಇಷ್ಟು ನಿಧಾನವಾಗಿ ಕೆಲಸ ಮಾಡಿದ್ರೆ ದೊಡ್ಡಮನೆ ಬೀಳೋಕೆ ನೂರು ವರ್ಷ ಬೇಕು," ಎಂದಳು ಥರ್ಜಾ.

"ಮನೆ ಬೇಗ ಬೀಳುತ್ತೆ. ಇದು ನಾಜೂಕಿನ ಕೆಲಸ. ಹಳೇ ತೂತು ಹುಡುಕಬೇಕು." ಅವನು ಕಂಬವನ್ನು ನೋಡುತ್ತಲೇ ಮಾತಾಡಿದ. "ಅಲ್ಲದೆ ಎಲ್ಲ ಇವತ್ತೇ ಚುಚ್ಚಿಬಿಟ್ರೆ ನಾಳೆ ನೀವು ಇಲ್ಲಿ ನಿಂತು ನನ್ನ ಬೈಯೋಕೆ ನೆಪ ಏನಿರುತ್ತೆ?"

"ನಾನೇನು ನಿಮ್ಮನ್ನ ಬೈಯೋಕೆ ಬರ್ತೀನಾ?"

"ಮತ್ಯಾಕೆ ಬರ್ತೀರಾ?"

ಅವಳು ಕಂಬದತ್ತ ಮುಖ ತಿರುಗಿಸಿದಳು. ಕಿವಿ ಬಿಸಿಯಾಯಿತು. ಅವನು ಓರೆಗಣ್ಣಿನಲ್ಲಿ ಆ ಕಿವಿಯನ್ನು ನೋಡಿ, ಏನೂ ಕಾಣದವನಂತೆ ಡಬ್ಬಿಯಿಂದ ಒಂದು ಸೂಜಿ ಎತ್ತಿದ.

"ಇದು ಯಾಕೆ ಇಷ್ಟು ಸೊಟ್ಟ?"

"ಸೈಲಾಸ್ ಗುಡ್‌ರಿಜ್. ಬದುಕಿದ್ದಾಗಲೂ ಸೊಟ್ಟಗೇ ಇದ್ದ."

"ಈ ಹಿತ್ತಾಳೆದು?"

"ಡಾರ್ಕಸ್ ಅಜ್ಜಿ. ಆ ಮನೆಯಲ್ಲಿ ಅಡುಗೆಯವಳು. ಸಾಯೋವಾಗ ಒಡತಿಯ ಕೈ ಹಿಡಿದು, ಮೂವತ್ತು ವರ್ಷ ನಿಮ್ಮ ಸೂಪಿಗೆ ಉಗುಳಿದೀನಿ ಅಂತ ಹೇಳಿ ಸತ್ತಳಂತೆ."

"ನಿಜವಾಗ್ಲೂ?"

"ಉಗುಳಿದ್ದು ಗೊತ್ತಿಲ್ಲ. ಹೇಳಿದ್ದು ನಿಜ."

ಅವನ ನಗು ನಿಲ್ಲಲು ಹೊತ್ತಾಯಿತು. ಆಮೇಲೆ ಡಬ್ಬಿಯ ತಳದಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ, ಎಳೆಮಕ್ಕಳ ಬಟ್ಟೆಗೆ ಚುಚ್ಚುವಂಥ ಎರಡು ಸಣ್ಣ ಸೂಜಿಗಳನ್ನು ಅಂಗೈಯಲ್ಲಿ ಹಿಡಿದ. ಅವುಗಳ ಬಗ್ಗೆ ಕೇಳಲಿಲ್ಲ. ಕಂಬದ ಕೆಳಗಡೆ, ಪಕ್ಕಪಕ್ಕದಲ್ಲಿದ್ದ ಎರಡು ಪುಟ್ಟ ತೂತುಗಳನ್ನು ತಾನೇ ಹುಡುಕಿ, ಹೆಬ್ಬೆರಳಿನಿಂದ ಒತ್ತಿದ. ಥರ್ಜಾ ಆ ಹೆಬ್ಬೆರಳಿನ ಮೆತ್ತನೆಯ ಒತ್ತನ್ನು ನೋಡಿದಳು. ಇಷ್ಟು ದೊಡ್ಡ ಕೈ ಇಷ್ಟು ಮೆತ್ತಗಿರಬಾರದು ಎನಿಸಿತು. ಅದು ಅನ್ಯಾಯ.

"ಈ ನೀಲಿ ಮಣಿಯವರು ಯಾರು?" ಅವನು ಕೇಳಿದ.

"ಹೊತ್ತಾಯ್ತು, ನೀವು ಹೊರಡಿ."

*

ಆ ಬೇಸಿಗೆ ಮೇ ತಿಂಗಳಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಹುಲ್ಲು ಸುಟ್ಟು ಕಂದಾಗಿತ್ತು. ಒಂದು ಭಾನುವಾರ ಡೆನ್ಜಿಲ್ ಅವಳ ಬಾಗಿಲಿಗೇ ಬಂದ.

"ಒಂದು ತೋರಿಸಬೇಕು, ಬನ್ನಿ. ಮೇಲಿನ ಮಹಡಿ ಗೋಡೆಯಿಂದ ಕಂಡಿತು."

ಗೇಟಿನವರೆಗೆ ಇಬ್ಬರೂ ಒಟ್ಟಿಗೆ ನಡೆದರು. ಅವನು ಒಳಗೆ ಕಾಲಿಟ್ಟ. ಅವಳು ನಿಂತಳು.

"ಬನ್ನಿ."

"ನಾನು ಸುತ್ತಿ ಬರ್ತೀನಿ."

"ಗೇಟು ಇಲ್ಲೇ ಇದೆಯಲ್ರೀ! ಬಾಯಿ ತೆರೆದು ನಿಂತಿದೆ."

"ಅದು ನನಗಲ್ಲ."

ಅವಳು ಬಿಸಿಲಿನಲ್ಲಿ ಗೋಡೆಯುದ್ದಕ್ಕೂ ನಡೆದು, ಆ ಕಡೆಯ ಗೇಟು ಹೊಕ್ಕು, ಬೆವರಿ ಧೂಳಾಗಿ ಬರುವ ಹೊತ್ತಿಗೆ ಅವನು ಹುಲ್ಲಿನ ಮೇಲೆ ಅಂಗಾತ ಮಲಗಿದ್ದ. ಎದ್ದು ಕೂತು ಗಂಭೀರವಾಗಿ, "ಅಬ್ಬ, ಬಂದ್ರಾ? ನನಗೆ ಗಡ್ಡ ಬಂತು," ಎಂದ.

ಅವನು ತೋರಿಸಿದ್ದನ್ನು ಕಂಡು ಥರ್ಜಾ ಉಸಿರು ಬಿಗಿಹಿಡಿದಳು.

ಒಣಗಿದ ಹುಲ್ಲಿನ ಮೇಲೆ ಗೆರೆಗಳು ಮೂಡಿದ್ದವು. ಎಲ್ಲಿ ನೆಲದಡಿ ಕಲ್ಲಿತ್ತೋ ಅಲ್ಲಿ ಹುಲ್ಲು ಇನ್ನಷ್ಟು ಬೆಳ್ಳಗೆ ಸತ್ತಿತ್ತು. ಒಂದು ಬೀದಿ. ಬೀದಿಯ ಎರಡು ಕಡೆ ಚೌಕ ಚೌಕ ಮನೆಗಳು. ಒಂದು ಬಾವಿಯ ಸುತ್ತು. ಬೀದಿ ನೇರವಾಗಿ ಹೆಣದ ಗೇಟಿನಿಂದ ಚರ್ಚಿನ ಬಾಗಿಲಿಗೆ ಹೋಗಿತ್ತು.

"ಹಳೇ ಊರು," ಎಂದಳು ಮೆಲ್ಲಗೆ. "ಇಲ್ಲೇ ಇತ್ತಂತೆ. ದೊಡ್ಡಮನೆ ಯಜಮಾನನಿಗೆ ಕಿಟಕಿಯಿಂದ ನೋಡಿದ್ರೆ ಕೆರೆ ಕಾಣಬೇಕಿತ್ತು, ನಮ್ಮ ಹೊಗೆಗೂಡು ಕಾಣಬಾರದಿತ್ತು. ಎಲ್ಲರನ್ನೂ ಗೋಡೆಯಾಚೆಗೆ ಎತ್ತಿ ಹಾಕಿದ. ಅಜ್ಜಿ ಹೇಳೋರು. ನಾನು ನಂಬಿರ್ಲಿಲ್ಲ."

ಅವಳು ಬೀದಿಯಲ್ಲಿ ನಡೆದಳು. ಮೂಲೆಯ ಮನೆ ನಮ್ಮದು, ಪಕ್ಕದಲ್ಲಿ ಬಾವಿ ಎಂದು ಅಜ್ಜಿ ಹೇಳಿದ್ದು ನೆನಪಿತ್ತು. ಬಾವಿಯ ಪಕ್ಕದ ಚೌಕದೊಳಗೆ ಹೋಗಿ ಕೂತಳು. ಹಿಂದೆಯೇ ಡೆನ್ಜಿಲ್ ಗೆರೆ ದಾಟಿ ಒಳಗೆ ಬಂದ.

"ಏಯ್! ಬಾಗಿಲು ತಟ್ಟದೆ ಬರ್ತೀರಾ? ಹೆಣ್ಣುಮಗಳು ಒಬ್ಬಳೇ ಇದಾಳೆ ಮನೇಲಿ."

ಅವನು ಹಿಂದಕ್ಕೆ ಹೋದ. ಗೆರೆ ಬಿಟ್ಟುಹೋಗಿದ್ದ ಜಾಗದಲ್ಲಿ ನಿಂತು, ಟೋಪಿ ತೆಗೆದು, ಗಾಳಿಯನ್ನು ಮೂರು ಸಲ ತಟ್ಟಿದ.

"ಯಾರು?"

"ಮನೆ ಕೆಡವೋನು."

"ಈ ಮನೆ ಆಗ್ಲೇ ಕೆಡವಿ ಆಯ್ತು."

"ಹಾಗಾದ್ರೆ ಊಟಕ್ಕೆ ಬಂದೆ ಅನ್ಕೊಳ್ಳಿ."

ಅವಳು ನಕ್ಕಳು. ನಕ್ಕು ಎಷ್ಟು ಕಾಲವಾಗಿತ್ತೆಂದರೆ ಆ ಸದ್ದಿಗೆ ಅವಳೇ ಸ್ವಲ್ಪ ಹೆದರಿದಳು. ಅವನು ಬಂದು ಎದುರಿಗೆ ಕೂತ. ಇಲ್ಲದ ಒಲೆಯ ಎರಡು ಬದಿಯಲ್ಲಿ ಇಬ್ಬರೂ ಕೂತಂತಿತ್ತು. ಬಿಸಿಲು ಇಳಿಯುತ್ತಿತ್ತು. ಅವನು ಕೈ ಚಾಚಿ ಅವಳ ಬೆರಳ ತುದಿಗಳನ್ನಷ್ಟೇ ಹಿಡಿದ.

"ತಣ್ಣಗಿದೆ."

"ಹೆಣ ತೊಳೆಯೋ ಕೈ."

"ನಂದು ಮನೆ ಒಡೆಯೋ ಕೈ. ಜೋಡಿ ಚೆನ್ನಾಗಿದೆ."

ಅವಳು ಕೈ ಎಳೆದುಕೊಳ್ಳಲಿಲ್ಲ. ಅವನು ಇನ್ನಷ್ಟು ಹತ್ತಿರ ಸರಿದ. ಅವಳ ಹಣೆಗೆ ಅಂಟಿದ್ದ ಕೂದಲನ್ನು ನೋಡಿದ, ಕಣ್ಣನ್ನು ನೋಡಿದ, ತುಟಿಯನ್ನು ನೋಡಿದ, ಮತ್ತೆ ಕಣ್ಣಿಗೆ ಬಂದ. ಅಷ್ಟು ಹತ್ತಿರದಿಂದ ನೋಡಿದರೆ ಅವನ ರೆಪ್ಪೆಗಳಲ್ಲಿ ಈಗಲೂ ಸುಣ್ಣ ಇತ್ತು.

ಅವನ ಭುಜದಾಚೆ ಸೂರ್ಯ ಮರದ ಸಾಲನ್ನು ಮುಟ್ಟಿದ್ದು ಅವಳಿಗೆ ಕಂಡಿತು.

"ಗೇಟು!" ಎಂದು ಅವಳು ಎದ್ದು ಓಡಿದಳು.

ಇಡೀ ಗೋಡೆ ಸುತ್ತಿ ಓಡಿದಳು. ತಲುಪುವಷ್ಟರಲ್ಲಿ ಬೆಳಕು ಬೂದಿಯಾಗಿತ್ತು. ಗೇಟು ತೆರೆದೇ ಇತ್ತು. ಒಳಗಿನಿಂದ ನೇರವಾಗಿ ಬಂದಿದ್ದ ಡೆನ್ಜಿಲ್ ಕಂಬಕ್ಕೆ ಕೈಕೊಟ್ಟು ನಿಂತಿದ್ದ. ಅವನು ರಸ್ತೆಯನ್ನು ನೋಡುತ್ತಿದ್ದ. ಮುಖದಲ್ಲಿ ತಮಾಷೆ ಇರಲಿಲ್ಲ.

"ಯಾರೋ ಬಂದ್ರು," ಎಂದ. "ಬಂದು ಇಲ್ಲಿ ನಿಂತ್ರು. ಕಾಣಲ್ಲ."

ಥರ್ಜಾ ಏದುಸಿರು ಬಿಡುತ್ತ ನಿಂತಳು.

"ಹೊಸ ಬೂಟು," ಅವನು ಮತ್ತೆ ಹೇಳಿದ. "ಪಳಗಿಲ್ಲ ಇನ್ನೂ. ಕಿರ್ ಕಿರ್ ಅಂತಿತ್ತು."

ಅವಳು ಕಂಬದ ಬುಡದಲ್ಲಿ ಕೂತಳು. ಆಲ್ಬನ್ ಊರು ಬಿಟ್ಟ ದಿನ ಸೈನ್ಯದ ಹೊಸ ಬೂಟು ಕಿರುಗುಟ್ಟುತ್ತಿತ್ತು, ಅದಕ್ಕೆ ಇಬ್ಬರೂ ನಕ್ಕಿದ್ದರು. ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯೂನಿಸಮ್ಮನಿಗೂ ಇಲ್ಲ.

*

ಆ ಸಂಜೆ ಅವಳು ಅವನಿಗೆ ಎಲ್ಲ ಹೇಳಿದಳು. ಅಳದೆ ಹೇಳಿದಳು.

"ನಿಜ ಹೇಳ್ಲಾ? ಅವನ ಮುಖ ನನಗೆ ಮರೆತುಹೋಗಿದೆ. ಕಿವಿ ನೆನಪಿದೆ, ಸ್ವಲ್ಪ ಅಗಲ. ಬೂಟಿನ ಸದ್ದು ನೆನಪಿದೆ. ಮುಖ ಇಲ್ಲ. ಮುಖ ಇಲ್ಲದವನಿಗೆ ದಿನಾ ಗೇಟು ತೆಗೀತೀನಿ."

ಡೆನ್ಜಿಲ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಯುದ್ಧದಲ್ಲಿ ನಮ್ಮ ಬೀದಿ ಮೇಲೆ ಬಾಂಬ್ ಬಿತ್ತು," ಎಂದ. "ನಾನು ಮೀನು ತರೋಕೆ ಹೋಗಿದ್ದೆ. ವಾಪಸ್ ಬಂದ್ರೆ ಬೀದಿ ಇರ್ಲಿಲ್ಲ, ಅಮ್ಮನೂ ಇರ್ಲಿಲ್ಲ. ಏನೂ ಸಿಗ್ಲಿಲ್ಲ. ಹೂಳೋಕೆ ಏನೂ ಸಿಗದಿದ್ರೆ ಬಾಗಿಲು ಹಾಕೋಕೆ ಬರಲ್ಲ ಥರ್ಜಾ. ನಾನು ಅದಕ್ಕೆ ಬಾಗಿಲಿರೋ ಮನೇಲೇ ಇರಲ್ಲ. ನೀನು ಬಾಗಿಲ ಹತ್ರಾನೇ ನಿಂತುಬಿಟ್ಟಿದೀಯ."

ಅವನು 'ನೀನು' ಎಂದದ್ದನ್ನು ಇಬ್ಬರೂ ಗಮನಿಸಿದರು. 

"ಶನಿವಾರ ಹೊರಡ್ತೀವಿ," ಎಂದ. "ನನ್ನ ಜೊತೆ ಬಾ."

"ಸೂಜಿ ನಾನು ಚುಚ್ಚಿದ್ದು. ಬಿಟ್ಟು ಬಂದ್ರೆ ಆ ಬೂಟು ನಮ್ಮ ಹಿಂದೇನೇ ಬರುತ್ತೆ. ಎಲ್ಲಿ ಹೋದ್ರೂ ಬಾಗಿಲ ತನಕ ಬಂದು ನಿಲ್ಲುತ್ತೆ."

ಮರುದಿನ ಬೆಳಿಗ್ಗೆ ಯೂನಿಸಮ್ಮ ಬೇಲಿಯ ಆ ಕಡೆಯಿಂದಲೇ ಮಾತೆತ್ತಿದಳು. "ನಿನ್ನೆ ಗೇಟಿಗೆ ತಡವಾಗಿ ಬಂದೆ."

"ಹೌದು."

"ನೀನು ಅವನ ಜೊತೆ ಹುಲ್ಲಲ್ಲಿ ಕೂತಿದ್ದೆ."

"ಊರಿಡೀ ಗೋಡೆ ಇದ್ರೂ ನಿಮಗೆ ಕಾಣುತ್ತಲ್ಲ."

"ಗೋಡೆ ಒಡೆದಿದಾರಲ್ಲೇ, ನಿನ್ನ ಗೆಳೆಯರೇ." ಮುದುಕಿ ಬಟಾಣಿ ಸುಲಿಯುತ್ತಲೇ ಇದ್ದಳು. "ನೀನು ಹೋದ್ರೆ ಹೋಗು. ನಾನು ತೆಗೀತೀನಿ ಗೇಟು. ನನ್ನ ಮಂಡಿ ನೋವು ಅವನಿಗೆ ಗೊತ್ತಿದೆ, ಸ್ವಲ್ಪ ಕಾಯ್ತಾನೆ."

ಬೈದಿದ್ದರೆ ಥರ್ಜಾ ತಿರುಗಿ ಬೈಯುತ್ತಿದ್ದಳು. ಈಗ ಬೇಲಿಯ ಮೇಲಿಂದ ಕೈ ಚಾಚಿ ಒಂದು ಹಿಡಿ ಬಟಾಣಿ ತೆಗೆದುಕೊಂಡು ತಾನೂ ಸುಲಿಯತೊಡಗಿದಳು.

*

ಶುಕ್ರವಾರ ದೊಡ್ಡಮನೆಯ ಕೊನೆಯ ಗೋಡೆಗೆ ಉಕ್ಕಿನ ಹಗ್ಗ ಕಟ್ಟಿ ಎಳೆದರು. ಗೋಡೆ ಒಂದು ಕ್ಷಣ ಯೋಚಿಸಿದಂತೆ ನಿಂತು, ಮಂಡಿ ಮಡಿಸಿತು. ಧೂಳು ಇಳಿದ ಮೇಲೆ ನೋಡಿದರೆ ಆ ಜಾಗದಲ್ಲಿ ಆಕಾಶ ಮಾತ್ರ ಇತ್ತು. ಸುತ್ತುಗೋಡೆಯ ಕಲ್ಲನ್ನೂ ಲಾರಿಗಳು ಹೊತ್ತೊಯ್ದವು. ಗೇಟಿನ ಕದವನ್ನೂ ಕೀಲಿನಿಂದ ಎತ್ತಿ ಲಾರಿಗೆ ಹಾಕಿದರು.

ಕಂಬದ ಬಳಿ ಬಂದ ಮೇಸ್ತ್ರಿ ಗ್ರೈಸ್ ಬೊಬ್ಬೆ ಹೊಡೆದ. "ರೋಕ್! ಇದರ ಸೂಜಿ ಕೀಳು ಅಂದಿದ್ದೆ!"

"ಕಿತ್ತಿದ್ದೆ."

"ಮತ್ತೆ ಇದೇನು? ಬೆಳೀತಾ?"

"ವಾಪಸ್ ಚುಚ್ಚಿದೆ."

ಗ್ರೈಸ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಬಿಸಿಲು ತಲೆಗೇರಿದೆಯೇನೋ? ಇದನ್ನ ಯಾವ ಮಿಲ್ಲಿನೋನು ಮುಟ್ತಾನೆ?"

"ಯಾರೂ ಮುಟ್ಟಲ್ಲ."

"ಬಿದ್ದಿರ್ಲಿ ಇಲ್ಲೇ. ಇದನ್ನ ಕೀಳೋ ಖರ್ಚೂ ಹುಟ್ಟಲ್ಲ." ಗ್ರೈಸ್ ಉಗಿದು ಹೋದ.

ದೂರದಲ್ಲಿ ನಿಂತಿದ್ದ ಥರ್ಜಾಗೆ ಆಗ ಅರ್ಥವಾಯಿತು. ಸಂಜೆ ಸಂಜೆ, ನಾಲ್ಕೋ ಐದೋ ಸೂಜಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ, ಅವನು ಈ ಕಂಬವನ್ನು ಯಾರಿಗೂ ಬೇಡದಂತೆ ಮಾಡುತ್ತಿದ್ದ.

ಆ ಮುಸ್ಸಂಜೆ ಅವಳು ಹೋದಾಗ ಕಂಬ ಬಯಲಿನಲ್ಲಿ ಒಂಟಿಯಾಗಿ ನಿಂತಿತ್ತು. ಗೋಡೆಯಿಲ್ಲ, ಕದವಿಲ್ಲ, ಅಗುಳಿಯಿಲ್ಲ. ಅಗುಳಿಯಿದ್ದ ಎತ್ತರಕ್ಕೆ ಅವಳ ಕೈ ತಾನಾಗಿ ಎದ್ದು ಗಾಳಿಯಲ್ಲಿ ನಿಂತಿತು.

ಯೂನಿಸಮ್ಮ ಕೋಲೂರಿಕೊಂಡು ಬಂದಿದ್ದಳು. ಎಂಟು ವರ್ಷದಲ್ಲಿ ಅವಳು ಇಲ್ಲಿಯವರೆಗೆ ಬಂದದ್ದು ಇದೇ ಮೊದಲು.

"ಗೇಟೇ ಇಲ್ವಲ್ಲೇ," ಎಂದಳು. ಅವಳ ಧ್ವನಿ ಮಗುವಿನದಾಗಿತ್ತು. "ಈಗ ಎಲ್ಲಿ ನಿಲ್ಬೇಕು ಅವನು? ಏನು ತೆಗೀತೀಯಾ ಅವನಿಗೆ?"

ಡೆನ್ಜಿಲ್ ಹುಲ್ಲಿನ ಕಡೆಯಿಂದ ಬಂದ. ಮುಖ ತೊಳೆದಿದ್ದ, ಅವನದು ಕೆಂಪು ಮುಖ ಎಂಬುದು ಅಂದು ತಿಳಿಯಿತು. ಟೋಪಿ ಕೈಯಲ್ಲಿತ್ತು.

"ಅಮ್ಮಾ, ಗೇಟಿಗೆ ಒಂದು ಹೆಣ ಬಾಕಿ ಅಲ್ವಾ?"

"ಹೌದು."

"ನನ್ನ ಹತ್ರ ಒಂದಿದೆ. ಇನ್ನೂ ತಯಾರಿಲ್ಲ."

ಥರ್ಜಾ ತಲೆಯೆತ್ತಿದಳು.

"ಆ ಬಾಕಿ ನಾನು ತಗೋತೀನಿ," ಅವನು ಮುಂದುವರಿಸಿದ. ಮುದುಕಿಗೆ ಹೇಳುತ್ತಿದ್ದ, ಕಣ್ಣು ಮಾತ್ರ ಥರ್ಜಾಳ ಮೇಲಿತ್ತು. "ಆ ಸೂಜಿ ನನ್ನ ಹೆಸರಿಗೆ ಬರ್ಲಿ. ನಾನು ಇಲ್ಲೇ ಇರ್ತೀನಿ, ಇಲ್ಲೇ ಸಾಯ್ತೀನಿ, ಇದೇ ದಾರೀಲಿ ಹೊತ್ಕೊಂಡು ಹೋಗಿ. ನಿಮ್ಮ ಹುಡುಗನನ್ನ ಬಿಟ್ಟುಬಿಡಿ. ಅವನ ಬೂಟು ಪಳಗಬೇಕು ಅಂದ್ರೆ ಅವನು ಎಲ್ಲಿಗಾದ್ರೂ ಹೋಗಬೇಕು."

ಯೂನಿಸಮ್ಮ ಬೆಚ್ಚಿ ಅವನತ್ತ ತಿರುಗಿದಳು. "ಬೂಟು ನಿನಗೂ ಕೇಳಿಸುತ್ತಾ?"

"ಕೇಳಿಸ್ತು."

"ನನಗೆ ಯಾವತ್ತೂ ಕೇಳಿಸ್ಲಿಲ್ಲ," ಎಂದಳು ಅವಳು. "ಒಂದು ದಿನಾನೂ ಇಲ್ಲ. ಇವಳು ಗೇಟು ತೆಗೆಯೋದು ನೋಡಿ, ಬಂದಿದಾನೆ ಅನ್ಕೊಳ್ತಿದ್ದೆ." ಸ್ವಲ್ಪ ತಡೆದು, "ನೀನು ಯಾವೂರವನು?"

"ಊರು ಇಲ್ಲ."

"ಈ ಊರಲ್ಲಿ ಇನ್ನು ನಲವತ್ತು ವರ್ಷ ಬಾಳಿದ್ರೂ ನಿನ್ನ ಹೊರಗಿನೋನು ಅಂತಾರೆ."

"ಸತ್ತರೆ?"

"ಸತ್ತರೆ ಬೇರೆ ಮಾತು." ಅವಳು ಥರ್ಜಾಳನ್ನು ನೋಡಿದಳು. "ಇವನು ಈ ಗೇಟಲ್ಲಿ ಓಡಾಡಿದಾನೇನೇ?"

"ಮೊದಲ ದಿನದಿಂದ."

"ಹಾಗಾದ್ರೆ ನಮ್ಮ ಲೆಕ್ಕದಲ್ಲಿ ಆಗ್ಲೇ ಹೆಣವೇ," ಎಂದು ಮುದುಕಿ ಕಂಬದ ಬಳಿ ಹೋದಳು. ಗಂಟು ಬಿದ್ದ ಎರಡು ಬೆರಳುಗಳಿಂದ ನೀಲಿ ಮಣಿಯನ್ನು ಹಿಡಿದಳು. ಇಕ್ಕಳಕ್ಕೆ ಬಾರದ ಸೂಜಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು.

ಅವಳು ಅದನ್ನು ಏಪ್ರನ್ನಿಗೆ ಒರೆಸಿ ಡೆನ್ಜಿಲ್‌ನ ಕೋಟಿನ ಎದೆಗೆ ಚುಚ್ಚಿದಳು. ಚುಚ್ಚಿ, ಅಂಗೈಯಿಂದ ಆ ಜಾಗವನ್ನು ಎರಡು ಸಲ ತಟ್ಟಿದಳು.

ಆಗ ರಸ್ತೆಯ ಮೇಲೆ ಸದ್ದಾಯಿತು.

ಕಿರ್, ಕಿರ್. ಅವಸರವಿಲ್ಲದ ನಡಿಗೆ. ಕಂಬದ ತನಕ ಬಂತು. ಥರ್ಜಾ ಅಭ್ಯಾಸದಂತೆ ಉಸಿರು ಹಿಡಿದಳು, ಅದು ನಿಲ್ಲುವುದಕ್ಕಾಗಿ ಕಾದಳು.

ನಿಲ್ಲಲಿಲ್ಲ. ಅವರ ಪಕ್ಕದಲ್ಲೇ ಹಾದು ಬೆಳ್ಳಗೆ ಒಣಗಿದ ಹಳೇ ಬೀದಿಯ ಮೇಲೆ ಚರ್ಚಿನ ಕಡೆಗೆ ಹೋಯಿತು. ಹೋಗುತ್ತ ಹೋಗುತ್ತ ಆ ಕಿರುಗುಟ್ಟುವಿಕೆ ಸಣ್ಣದಾಯಿತು.

"ಅಗೋ," ಎಂದಳು ಯೂನಿಸಮ್ಮ. ಅವಳ ಮುಖ ಅರಳಿತು. "ಅಗೋ, ಕೇಳಿಸ್ತು. ಬೂಟು ಬಿಗಿ ಅವನಿಗೆ. ಸೈನ್ಯದೋರಿಗೆ ಹೇಳಿ ಬೇರೆ ತಗೋ ಅಂದಿದ್ದೆ, ಕೇಳ್ಲಿಲ್ಲ." ಕೋಲೂರುತ್ತ, ಹೆಣದ ಹಿಂದೆ ತಾಯಿ ನಡೆಯುವ ಹಾಗೆ, ಆ ಸದ್ದಿನ ಹಿಂದೆ ಅವಳೂ ನಡೆದಳು.

ಉಳಿದವರು ಇಬ್ಬರು.

"ನಾನೇ ಮೊದಲು ಸತ್ರೆ?" ಎಂದು ಥರ್ಜಾ ಕೇಳಿದಳು.

"ನಿನ್ನ ಹೆಸರಲ್ಲಿ ಇದೇ ಸೂಜಿ ಕಂಬಕ್ಕೆ ಚುಚ್ತೀನಿ. ನಾನು ಹೋಗೋವಾಗ ಇಲ್ಲಿಂದ್ಲೇ ಸಾಲ ತಗೊಂಡ್ರಾಯ್ತು."

"ಪ್ರೀತಿ ಮಾಡ್ತೀನಿ ಅಂತ ಹೇಳೋಕೆ ನಿಮ್ಮ ಕಡೆ ಹೀಗಾ ಹೇಳೋದು?"

"ನಮ್ಮ ಕಡೆ ಗೊತ್ತಿಲ್ಲ. ನಿಮ್ಮ ಊರಲ್ಲಿ ಹೀಗೇ ಹೇಳ್ಬೇಕು ಅನ್ನಿಸ್ತು."

ಅವಳು ಅವನ ಎದೆಗೆ ಮುಖವಿಟ್ಟಳು. ಗಾಜಿನ ಮಣಿ ಕೆನ್ನೆಗೆ ಒತ್ತಿತು, ತಣ್ಣಗೆ. ಅದರ ಹಿಂದೆ ಅವನ ಎದೆ ಬಡಿದುಕೊಳ್ಳುತ್ತಿತ್ತು, ಮನೆ ಒಡೆಯುವವನಂತೆ.

"ಚುಚ್ಚುತ್ತಾ?"

"ಹ್ಞೂಂ." ಅವಳು ಅಲುಗಲಿಲ್ಲ.

ಆಮೇಲೆ ಅವನು ಕಂಬದ ಆ ಬದಿಗೆ ಹೋಗಿ ನಿಂತು ಕೈ ಚಾಚಿದ. ಥರ್ಜಾ ತನ್ನ ಕಾಲನ್ನು ನೋಡಿಕೊಂಡಳು. ಅಜ್ಜಿಯ ಹಿಂದೆ ಈ ಜಾಗ ದಾಟಿದ್ದಳು, ಅಪ್ಪನ ಹಿಂದೆ ದಾಟಿದ್ದಳು. ಮುಂದೆ ಒಂದು ಪೆಟ್ಟಿಗೆ ಇಲ್ಲದೆ ಯಾವತ್ತೂ ದಾಟಿರಲಿಲ್ಲ.

ಮುಂದೆ ಈಗ ಹುಲ್ಲಿತ್ತು, ಹುಲ್ಲಿನ ಮೇಲೆ ಹಳೇ ಊರಿತ್ತು, ಮೂಲೆಯ ಮನೆಯಿತ್ತು.

ಅವಳು ದಾಟಿದಳು.